ಬರೆಸದೆ ಬಿಟ್ಟ ನಾಡು

“ಗುರುಗಳೇ, ನಾನು ಕಟ್ಟಿದ ಪಾಠಕ್ರಮವನ್ನು ಹೊಳೆಯಾಚೆಯ ಮಠದವರು ತಮ್ಮದೆಂದೇ ಕಲಿಸುತ್ತಿದ್ದಾರಂತೆ. ಕೇಳಿದಾಗಿನಿಂದ ಅನ್ನ ಸೇರುತ್ತಿಲ್ಲ. ನನ್ನದನ್ನು ನನ್ನದಾಗಿಯೇ ಉಳಿಸಿಕೊಳ್ಳುವುದು ಹೇಗೆ?” ಎಂದು ಶಿಷ್ಯ ಬೊಂತಯ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಕಂಚುಗಾರನಿದ್ದ. ಅವನೊಂದು ಗಿಂಡಿ ಎರೆದ. ಅದರ ಮೂತಿ ಹೊಟ್ಟೆಯನ್ನು ಒಂದು ಸುತ್ತು ಬಳಸಿ ಮೇಲೇಳುತ್ತಿತ್ತು. ಅಂಥ ಆಕಾರವನ್ನು ಯಾರೂ ಕಂಡಿರಲಿಲ್ಲ. ಸಂತೋಷದ ಬೆನ್ನಿಗೇ, ಯಾರಾದರೂ ನೋಡಿ ಹಾಗೆಯೇ ಮಾಡಿಬಿಟ್ಟಾರೆಂಬ ಭಯ ಬಂತು. ಗಿಂಡಿಯನ್ನು ಗೋಣಿಯಲ್ಲಿ ಸುತ್ತಿ ಅಡಗಿಸಿದ. ಬಾಗಿಲ ಸಪ್ಪಳವಾದರೂ ಬೆಚ್ಚುತ್ತಿದ್ದ.

ಆಗ ಹಲವು ನಾಡುಗಳು ಒಪ್ಪಂದ ಮಾಡಿಕೊಂಡು ಒಂದು ಕಚೇರಿ ಇಟ್ಟಿದ್ದವು. ಹೊಸ ಆಕಾರ ಮಾಡಿದವನು ಅದರ ಚಿತ್ರ ಕೊಟ್ಟು, ಯಾವ ಯಾವ ನಾಡಿನಲ್ಲಿ ರಕ್ಷಣೆ ಬೇಕೆಂದು ಒಂದೇ ಅರ್ಜಿಯಲ್ಲಿ ಬರೆಸಬಹುದಿತ್ತು. ಬರೆಸಿದ ನಾಡು ಆಗದು ಎಂದು ತಿರಸ್ಕರಿಸದಿದ್ದರೆ, ಅಲ್ಲಿ ಅವನ ಒಪ್ಪಿಗೆಯಿಲ್ಲದೆ ಆ ಆಕಾರವನ್ನು ಯಾರೂ ಮಾಡುವಂತಿರಲಿಲ್ಲ.

ಕಂಚುಗಾರ ಹೋಗಿ ನಾಡುಗಳ ಹೆಸರು ಬರೆಸಿದ. ಗುಡ್ಡದಾಚೆಯ ನಾಡೊಂದನ್ನು ಮಾತ್ರ, ಅಲ್ಲಿ ಕೊಳ್ಳುವವರು ಯಾರು ಎಂದು ಬಿಟ್ಟ. ಆಮೇಲೆ ಗಿಂಡಿಯನ್ನು ಸಂತೆಗೆ ತಂದ. ಜನ ಮುಗಿಬಿದ್ದು ಕೊಂಡರು. ಬರೆಸಿದ ನಾಡೊಂದರಲ್ಲಿ ಯಾರೋ ಅದನ್ನೇ ಎರೆಯಹೊರಟರು. ಅಲ್ಲಿಯ ಅಧಿಕಾರಿಗಳು ತಡೆದರು.

ಅಷ್ಟರಲ್ಲಿ ಗುಡ್ಡದಾಚೆ ಆ ಗಿಂಡಿಯನ್ನೇ ಎರೆದು ಮನೆಮನೆಗೂ ಮಾರುತ್ತಿದ್ದಾರೆ ಎಂಬ ಸುದ್ದಿ ಬಂತು. ಅವನು ಕಚೇರಿಗೆ ಓಡಿದ. “ಆ ನಾಡನ್ನೂ ಸೇರಿಸಿಕೊಳ್ಳಿ ಸ್ವಾಮಿ” ಎಂದ.

“ಆಗ ಬಿಟ್ಟದ್ದನ್ನು ಈಗ ಸೇರಿಸಲಾಗದಪ್ಪಾ. ಊರೆಲ್ಲ ಕಂಡ ಆಕಾರ ಹೊಸದಾಗಿಯೂ ಉಳಿದಿಲ್ಲ” ಎಂದರು ಅಧಿಕಾರಿ.

ಅಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕುಲುಮೆಯ ಮುಂದೆ ಕೂತರೂ ಕಣ್ಣು ಗುಡ್ಡದ ಕಡೆಗೇ. ಉಳಿದ ನಾಡುಗಳಲ್ಲಿ ದಕ್ಕಿದ್ದು ಅವನ ಲೆಕ್ಕಕ್ಕೇ ಬರಲಿಲ್ಲ. ಹೀಗೇ, ಹೊಸದೊಂದನ್ನೂ ಎರೆಯದೆ, ವರ್ಷಗಳು ಕಳೆದವು. ಕಡೆಗೊಂದು ದಿನ ತಡೆಯಲಾರದೆ ಗುಡ್ಡ ಹತ್ತಿ ಇಳಿದು, ಆ ನಾಡಿನ ಕಂಚುಗಾರನ ಅಂಗಳದಲ್ಲಿ ನಿಂತು, “ಈ ಗಿಂಡಿ ನನ್ನದು!” ಎಂದು ಕೂಗಿದ.

ಒಳಗಿನಿಂದ ಒಬ್ಬ ಮುದುಕ ಬಂದ. ಬಂದವನನ್ನು ದಿಟ್ಟಿಸಿ ನೋಡಿ ಕೈಮುಗಿದ. “ಇದನ್ನು ಮಾಡಿದವರು ನೀವೇನಾ? ಬನ್ನಿ, ಕೂತ್ಕೊಳ್ಳಿ. ನಮ್ಮ ನಾಡಿನ ಹೆಸರು ಬರೆಸಿಲ್ಲವೆಂದು ತಿಳಿದೇ ಎರೆದೆವು. ಮುಂದಿನದರಲ್ಲಿ ನಮ್ಮ ಹೆಸರನ್ನೂ ಬರೆಸಿ, ನಾವು ಮುಟ್ಟುವುದಿಲ್ಲ. ಅಂದಹಾಗೆ, ಇದಾದ ಮೇಲೆ ಏನು ಮಾಡಿದಿರಿ? ನೋಡಬೇಕೆಂದು ಬಹಳ ಆಸೆಯಿದೆ” ಎಂದ.

ಕಂಚುಗಾರ ಬಂದ ದಾರಿಯಲ್ಲೇ ಹಿಂದಿರುಗಿದ.

ಗುರುಗಳು ಮಾತು ನಿಲ್ಲಿಸಿದರು. “ಹಾಗಾದರೆ ನಾನು ಆ ಮಠದವರನ್ನು ಕೇಳುವುದೇ ತಪ್ಪೇ?” ಎಂದ ಬೊಂತಯ್ಯ.

“ಹೋಗಿ ಕೇಳು. ಆದರೆ ಅವರು ನಿನ್ನದೆಂದು ಒಪ್ಪಿಕೊಂಡು ‘ಮುಂದಿನ ಪಾಠ ಯಾವುದು ಸ್ವಾಮಿ’ ಎಂದರೆ ಏನು ಹೇಳುತ್ತೀ?”