ಖಾಲಿ ಜಾಗ ಬಿಡದ ಪುಟ

"ಗುರುಗಳೇ, ವೆಬ್ ಪುಟದಲ್ಲಿ ಚಿತ್ರಗಳನ್ನು ಚೌಕಚೌಕವಾಗಿ ಜೋಡಿಸುವ ಸ್ಕ್ರಿಪ್ಟ್ ಲೈಬ್ರರಿ ಒಂದು ಸಿಕ್ಕಿದೆ, ಬೇರೆಯವರು ಬರೆದಿಟ್ಟ ಸಿದ್ಧ ಕೋಡ್. ಒಂದಿಷ್ಟೂ ಖಾಲಿ ಜಾಗ ಬಿಡುವುದಿಲ್ಲ. ಎಲ್ಲರೂ ಬಳಸುತ್ತಾರೆ. ಇದನ್ನೂ ಅನುಮಾನಿಸಬೇಕೆ?" ಎಂದು ಶಿಷ್ಯ ಕೇಳಿದ. ಕೆಲಸ ಬೇಗ ಮುಗಿಯುವ ಖುಷಿ ಅವನ ಮುಖದಲ್ಲಿತ್ತು. ಗುರುವಿಗೆ ಹಿಡಿಸದೆ ಹೋದದ್ದು ಅದೇ.

"ಕೇಳು," ಎಂದರು ಗುರು.

ಒಬ್ಬ ವ್ಯಾಪಾರಿಯ ಮಗಳಿಗೆ ಮದುವೆ ಗೊತ್ತಾಯಿತು. ಅವನಿಗೆ ಗಂಡನನ್ನು ಕಳೆದುಕೊಂಡ ಅಕ್ಕ ಇದ್ದಳು. ಮೊದಲ ಆರತಿ ಅವಳೇ ಎತ್ತಬೇಕೆಂದು ಅವನು ಹಟ ಹಿಡಿದ. ನೆಂಟರು ಗೊಣಗಿದರು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕನಿಗೆ ಮಾತ್ರ ನಂಬಿಕೆ ಬರಲಿಲ್ಲ. ಇಂಥ ಮಾತು ಕೊನೆ ಗಳಿಗೆಯಲ್ಲಿ ತಿರುಗುವುದನ್ನು ಅವಳು ಕಂಡಿದ್ದಳು.

ಮದುವೆಯ ಕರೆಯೋಲೆಯನ್ನು ವೆಬ್ ಪುಟವಾಗಿ ಮಾಡಿಸಿದರು. ಹಿರಿತನದ ಪ್ರಕಾರ ಫೋಟೊ: ಮೊದಲು ವ್ಯಾಪಾರಿಯ ತಾಯಿ, ಆಮೇಲೆ ಅಕ್ಕ, ಆಮೇಲೆ ಹೆಂಡತಿ. ಅಕ್ಕ ಕಳಿಸಿದ್ದು ಗಂಡನ ಜೊತೆ ಕೂತ ಅಗಲವಾದ ಫೋಟೊ. ಅವನನ್ನು ಕತ್ತರಿಸಿ ಕಳಿಸಲು ಅವಳಿಗೆ ಮನಸ್ಸಾಗಲಿಲ್ಲ. ಪುಟ ಮಾಡುವವನು ನಿನ್ನ ಲೈಬ್ರರಿಯಂಥದ್ದನ್ನೇ ಹಾಕಿದ. ತನ್ನ ದೊಡ್ಡ ಪರದೆಯಲ್ಲಿ ನೋಡಿ, ಚೆನ್ನಾಗಿದೆ ಎಂದು ಎದ್ದು ಹೋದ.

ಅಕ್ಕ ತೆರೆದು ನೋಡಿದ್ದು ಮೊಬೈಲಿನಲ್ಲಿ. ಅಷ್ಟು ಸಣ್ಣ ಪರದೆಯಲ್ಲಿ ತಾಯಿಯ ಪಕ್ಕಕ್ಕೆ ಅಗಲವಾದ ಫೋಟೊ ಹಿಡಿಸಲಿಲ್ಲ. ಲೈಬ್ರರಿ ಅದನ್ನು ಕೆಳಗಿಳಿಸಿ, ಖಾಲಿ ಉಳಿದ ಜಾಗಕ್ಕೆ ತಮ್ಮನ ಹೆಂಡತಿಯನ್ನು ಏರಿಸಿತು. ಹಿರಿತನ ಅದಕ್ಕೇನು ಗೊತ್ತು? ತನ್ನನ್ನು ತಮ್ಮನ ಹೆಂಡತಿಗಿಂತ ಕೆಳಗಿಳಿಸಿದ್ದೀರಿ, ಮದುವೆಗೆ ಬರುವುದಿಲ್ಲ ಎಂದು ಅಕ್ಕ ಹೇಳಿಕಳಿಸಿದಳು.

ವ್ಯಾಪಾರಿ ಲ್ಯಾಪ್‌ಟಾಪ್ ಹಿಡಿದುಕೊಂಡು ಅವಳ ಮನೆಗೆ ಓಡಿದ. "ನೋಡಕ್ಕ, ಅಮ್ಮನ ಪಕ್ಕದಲ್ಲೇ ಇದ್ದೀಯ."

ಅವಳು ಎರಡೂ ಪರದೆಗಳನ್ನು ನೋಡಿದಳು. "ಊರಿಗೆಲ್ಲ ಕಳಿಸೋಕೆ ಒಂದು, ನನ್ನ ಬಾಯಿ ಮುಚ್ಚಿಸೋಕೆ ಇನ್ನೊಂದು ಮಾಡಿಸಿದ್ದೀಯ, ಅಲ್ವೇನೋ?"

ಪುಟ ಮಾಡಿದವನನ್ನು ಕರೆಸಿದರು. ಅದು ತಾನಾಗಿಯೇ ಜೋಡಿಸಿಕೊಂಡಿತು ಎಂದು ಅವನು ಆಣೆ ಮಾಡಿ ಹೇಳಿದ. ಹೇಗೆ ಎಂದು ಕೇಳಿದರೆ ಅವನಿಗೂ ತಿಳಿಯದು, ತಡವರಿಸಿದ. ಇದು ತಮ್ಮ ಹೇಳಿಕೊಟ್ಟ ಸುಳ್ಳೇ ಎಂದುಕೊಂಡು ಅಕ್ಕ ಬಾಗಿಲು ಹಾಕಿಕೊಂಡಳು.

ಗುರು ಅಷ್ಟಕ್ಕೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಕೊನೆಗಾದರೂ ಅಕ್ಕ ಮದುವೆಗೆ ಬಂದಳೆ?"

"ಪುಟದಲ್ಲಿ ಉಳಿಯದ ಖಾಲಿ ಜಾಗ ಮದುವೆಯ ಚಪ್ಪರದಲ್ಲಿ ಉಳಿಯಿತು," ಎಂದರು ಗುರು.