ಸಿದ್ದಶೆಟ್ಟಿಯ ಬಟ್ಟಲು

ಹೊಳೆದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮ ಅಂದರೆ ದೊಡ್ಡದೇನಲ್ಲ. ಒಂದು ಹೆಂಚಿನ ಮನೆ, ಒಂದು ಹೊಂಗೆಮರ, ಮಡಕೆ ಸುಡುವ ಒಂದು ಆವಿಗೆ, ಅಷ್ಟೆ. ಅಲ್ಲಿನ ಗುರು ಮರಿಮಾದಯ್ಯನವರು ಶಿಷ್ಯರಿಗೆ ಮಂತ್ರ ಹೇಳಿಕೊಟ್ಟಿದ್ದಕ್ಕಿಂತ ಮಣ್ಣು ತುಳಿಸಿದ್ದೇ ಹೆಚ್ಚು.

ಮಳೆಗಾಲದಲ್ಲಿ ಆವಿಗೆ ಹೊತ್ತಿಸುವ ಹಾಗಿಲ್ಲ. ಆಗೆಲ್ಲ ಶಿಷ್ಯರು ಕೈಯಲ್ಲೇ ತಟ್ಟೆ, ಬಟ್ಟಲು, ಕುಡಿಕೆ ಮಾಡಿ ಅಟ್ಟದ ಮೇಲೆ ಒಣಗಲು ಇಡುತ್ತಿದ್ದರು. ಮಳೆ ನಿಂತು, ಶರದೃತುವಿನ ಬಿಸಿಲು ಬಿದ್ದು, ಹುಚ್ಚೆಳ್ಳಿನ ಹೊಲ ಹಳದಿಯಾಯಿತೆಂದರೆ ಮೊದಲ ಆವಿಗೆ ಹೊತ್ತುತ್ತಿತ್ತು. ಅದರಿಂದ ಇಳಿಸಿದ ಹೊಸ ಪಾತ್ರೆಗಳಲ್ಲೇ ಹಿರಿಯರ ಹಬ್ಬದ ಊಟ.

ಊಟಕ್ಕೆ ಎರಡು ಸಾಲು. ಒಳಗಿನ ಕೋಣೆಯಲ್ಲಿ ಸತ್ತವರಿಗೆ ಎಡೆ. ಹೊರಗೆ ಹೊಂಗೆಮರದ ಕೆಳಗೆ ಬದುಕಿರುವವರಿಗೆ ಪಂಕ್ತಿ. ಒಳಗೆ ಎಡೆ ಇಟ್ಟು, ಸಾಂಬ್ರಾಣಿ ಹೊಗೆ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯಬೇಕು. ಹಿರಿಯರು ಬಂದು ಉಂಡು ಹೋದ ಮೇಲೆ ಬಾಗಿಲು ತೆಗೆಯುವುದು. ಹೊರಗಿನವರು ಅನ್ನ ಮುಟ್ಟುವುದು ಆಮೇಲೆಯೇ.

ಆ ವರ್ಷ ಸಾಲು ಹಾಕುವ ಕೆಲಸ ಚಿಕ್ಕತಾಯಮ್ಮನದು. ಕುಂಬಾರರ ಮನೆ ಹೆಣ್ಣುಮಗಳು. ಗಂಡ ಕಾಣೆಯಾದ ಮೇಲೆ ಆಶ್ರಮಕ್ಕೆ ಬಂದು ಅಲ್ಲೇ ಉಳಿದವಳು.

ಅಬ್ಬಾ, ಎಷ್ಟು ಚೆಂದ ಹಾಕಿದ್ದಳು! ಸೆಗಣಿ ಸಾರಿಸಿದ ನೆಲ, ಅಂಚಿಗೆ ರಂಗೋಲಿ, ಕೆಂಪು ತಟ್ಟೆಗಳ ನಡುನಡುವೆ ಹುಚ್ಚೆಳ್ಳು ಹೂವಿನ ಗೊಂಚಲು, ಚೆಂಡುಹೂವು. ಅಗಲ ಬೋಗುಣಿಯಲ್ಲಿ ಸೀತಾಫಲ, ಬೇಯಿಸಿದ ಜೋಳದ ತೆನೆ. ಬಾನಿಯಲ್ಲಿ ಕುಂಬಳಕಾಯಿ ಹುಳಿ, ಮುಚ್ಚಿದ ಮಡಕೆಯಲ್ಲಿ ಹುರುಳಿ ಬಸ್ಸಾರು. ಯಾವ ತಟ್ಟೆಯೂ ಇನ್ನೊಂದರ ಹಾಗಿರಲಿಲ್ಲ. ಮಾಡಿದವರ ಬೆರಳಿನ ಗುರುತು ಒಂದೊಂದರಲ್ಲೂ ಇತ್ತು.

ಎಲ್ಲ ಮುಗಿದ ಮೇಲೆ ಅವಳ ಕೈಯಲ್ಲಿ ಒಂದು ಬಟ್ಟಲು ಉಳಿಯಿತು.

ಅದನ್ನು ಹಿಡಿದು ಒಳಗೆ ಹೋದಳು. ಎಡೆಯ ಸಾಲಿನ ಕೊನೆಗೆ ಬಗ್ಗಿದಳು. ಇಡಲಾರದೆ ಎದ್ದು ಬಂದಳು. ಹೊರಗೆ ಪಂಕ್ತಿಯ ಹತ್ತಿರ ಬಗ್ಗಿದಳು. ಅಲ್ಲೂ ಕೈ ಬಿಡಲೊಲ್ಲದು. ಮತ್ತೆ ಒಳಗೆ.

ಶಿಷ್ಯರಲ್ಲಿ ಹಿರಿಯನಾದ ಕಾಳಣ್ಣನಿಗೆ ಹಸಿವು ತಡೆಯುವ ಅಭ್ಯಾಸ ಕಡಿಮೆ. "ಏನವ್ವಾ ಇದು, ನೇಯೋರ ಲಾಳಿ ಹಂಗೆ ಓಡಾಡ್ತಿದ್ದೀಯ? ನೀನು ಒಂದು ಕಡೆ ಇಟ್ರೆ ತಾನೆ ನಾನು ಬಾಗಿಲು ಹಾಕೋದು? ಹಿರಿಯರೂ ಉಪವಾಸ, ಕಿರಿಯರೂ ಉಪವಾಸ!"

ಅವಳು ಬಟ್ಟಲು ಹಿಡಿದೇ ಮತ್ತೆ ಹೊರಗೆ ಬಂದಳು. ಹಣೆಯ ಕುಂಕುಮ ಬೆವರಿಗೆ ಇಳಿಯುತ್ತಿತ್ತು.

ಜಗಲಿಯ ಮೇಲಿದ್ದ ಗುರುಗಳು ಕರೆದರು. "ಯಾರ ಬಟ್ಟಲು ತಾಯಿ ಅದು?"

"ನಮ್ಮ ಯಜಮಾನರದು ಬುದ್ಧಿ. ಸಿದ್ದಶೆಟ್ಟರದು."

"ಎಲ್ಲಿ ಇಡಬೇಕು ಅಂತ ಗೊತ್ತಾಗಲಿಲ್ವಾ?"

ಅಷ್ಟು ಕೇಳಿದ್ದೇ ಸಾಕಾಯಿತು, ಅವಳಿಗೆ ಅಳು ಒತ್ತಿಕೊಂಡು ಬಂತು.

"ನಿನ್ನೆ ಮೈದುನ ಬಂದಿದ್ದ ಬುದ್ಧಿ. ಅತ್ತಿಗೆ, ಇನ್ನೂ ಎಷ್ಟು ವರ್ಷ ಹೀಗೆ? ಈ ಸಲ ಅಣ್ಣನಿಗೆ ಎಡೆ ಇಟ್ಟುಬಿಡಿ, ಅವನ ಜೀವ ಬಾಯಾರಿ ಅಲೀತಿರಬಹುದು ಅಂದ. ಇವರು ಸಂತೆಗೆ ಅಂತ ಹರಿಗೋಲು ಹತ್ತಿದೋರು. ಹರಿಗೋಲು ಸಿಕ್ತು, ಇವರು ಸಿಗಲಿಲ್ಲ. ಘಟ್ಟದ ಕೆಳಗೆ ಇವರ ಹಂಗೇ ಇರೋ ಒಬ್ಬರನ್ನ ನೋಡಿದೆ ಅಂತ ಬಳೆಗಾರ ಹೇಳಿದ್ದ. ಒಳಗೆ ಇಟ್ರೆ ನಾನೇ ನನ್ನ ಕೈಯಾರೆ ಸಾಯಿಸಿದ ಹಂಗೆ. ಹೊರಗೆ ಇಟ್ರೆ ಆ ಬಟ್ಟಲ ಮುಂದೆ ಯಾರೂ ಬಂದು ಕೂರಲ್ಲ. ನಾನು ಏನು ಮಾಡಲಿ?"

"ಮೊದಲು ಬಡಿಸೋಣ. ಎಲ್ಲಿ ಇಡೋದು ಅಂತ ಆಮೇಲೆ ನೋಡೋಣ. ಕೊಡು ಇಲ್ಲಿ."

ಗುರುಗಳು ಬಟ್ಟಲನ್ನು ಕೈಗೆ ತೆಗೆದುಕೊಂಡರು. ಬೆರಳಿನಿಂದ ಅದರ ಅಂಚನ್ನು ತಟ್ಟಿದರು. ಪಕ್ಕದ ಮಡಕೆಯಿಂದ ಬಿಸಿ ಬಸ್ಸಾರನ್ನು ಸೌಟಿನಲ್ಲಿ ಎತ್ತಿ ಅದರ ತುಂಬ ಸುರಿದರು.

"ಅಯ್ಯೋ ಬುದ್ಧೀ! ಬೇಡ! ಅದು ಹಸಿ ಬಟ್ಟಲು! ಸುಟ್ಟಿಲ್ಲ!"

ಹೇಳುವಷ್ಟರಲ್ಲಿ ಬಟ್ಟಲಿನ ತಳ ಕುಸಿಯಿತು. ಅಂಚು ಒಂದೊಂದೇ ಕಡೆ ಬಾಗಿ ಸಾರಿನೊಳಗೆ ಇಳಿಯಿತು. ಗುರುಗಳ ಅಂಗೈಯಿಂದ ಕಂದು ರಾಡಿ ಜಗಲಿಯ ಮೇಲೆ ತೊಟ್ಟಿಕ್ಕಿತು.

ಚಿಕ್ಕತಾಯಮ್ಮ ನೆಲಕ್ಕೆ ಕುಸಿದು ಎರಡೂ ಕೈಯಲ್ಲಿ ಆ ರಾಡಿಯನ್ನು ಬಾಚಿಕೊಂಡಳು. ಬಿಸಿ ಇದ್ದದ್ದೂ ಅವಳಿಗೆ ತಿಳಿಯಲಿಲ್ಲ.

"ಇದು ಅವರೇ ಕೆರೆಯಿಂದ ಹೊತ್ತು ತಂದ ಮಣ್ಣು! ಹೋಗೋ ಮುಂಚೆ ತಂದು ಹಾಕಿದ್ದು. ವರ್ಷಾ ವರ್ಷಾ ಇದರಲ್ಲೇ ಅವರ ಬಟ್ಟಲು ಮಾಡ್ತೀನಿ. ಹಬ್ಬದ ದಿನ ಅಟ್ಟದ ಮೇಲೇ ಇಟ್ಟಿದ್ದು, ಹಬ್ಬ ಮುಗಿದ ಮೇಲೆ ನೆನೆ ಹಾಕಿ, ಮುಂದಿನ ವರ್ಷಕ್ಕೆ ಮತ್ತೆ ಅದನ್ನೇ ನಾದ್ತೀನಿ. ಈಗ ಉಪ್ಪು, ಎಣ್ಣೆ ಎಲ್ಲ ಸೇರಿಹೋಯ್ತು. ಇನ್ನು ಇದು ಯಾವ ಕೆಲಸಕ್ಕೆ ಬರುತ್ತೆ? ಏನೂ ಉಳಿಸಲಿಲ್ಲವಲ್ಲ ನೀವು ನನಗೆ!"

ಗುರುಗಳ ಮೇಲೆ ಅಷ್ಟು ದನಿ ಎತ್ತಿದವರು ಆಶ್ರಮದಲ್ಲಿ ಯಾರೂ ಇರಲಿಲ್ಲ. ಕಾಳಣ್ಣ ಹಸಿವು ಮರೆತು ಬಾಯಿ ಬಿಟ್ಟುಕೊಂಡು ನಿಂತ.

"ಒಂದು ಸಲಾನೂ ಯಾಕೆ ಸುಡಲಿಲ್ಲ?" ಗುರುಗಳು ಕೇಳಿದರು.

"ನಮ್ಮನೇಲಿ ಮಾಡೋದು ನಾನು, ಆವಿಗೆಗೆ ಬೆಂಕಿ ಇಡೋದು ಅವರು. ಅವರು ಬಂದೇ ಸುಡಲಿ ಅಂತಿದ್ದೆ." ಅವಳು ಬಿಕ್ಕಿದಳು. "ಸುಟ್ಟರೆ ಮುಗೀತಲ್ಲ ಬುದ್ಧಿ. ಹಸಿ ಇದ್ರೆ ಇನ್ನೂ ಏನೂ ಆಗಿಲ್ಲ ಅನ್ನಿಸ್ತಿತ್ತು."

"ಒಂದು ವೇಳೆ ಅವನು ಇವತ್ತೇ ಬಂದು, ಹಸಿವಾಗಿದೆ ಕಣೇ ಅಂದಿದ್ರೆ?"

ಅವಳು ಕೈಯಲ್ಲಿದ್ದ ರಾಡಿಯನ್ನು ನೋಡಿದಳು.

"ಹಸಿ ಅಂತ ನಿಮಗೆ ಗೊತ್ತಿತ್ತಾ?" ಕೊನೆಗೆ ಕೇಳಿದಳು.

"ತಟ್ಟಿದೆ, ಸುಟ್ಟ ಮಣ್ಣಿನ ಸದ್ದು ಬರಲಿಲ್ಲ."

"ಗೊತ್ತಿದ್ದೂ ಸುರಿದಿರಾ?"

"ಉಣ್ಣೋಕೆ ಅಂತ ತಾನೆ ಬಟ್ಟಲು ಮಾಡಿದ್ದು? ಬಡಿಸಿದೆ."

ಗುರುಗಳು ಕೈ ತೊಳೆದುಕೊಂಡು ಕಾಳಣ್ಣನಿಗೆ ಸನ್ನೆ ಮಾಡಿದರು. ಕಾಳಣ್ಣ ಸಾಂಬ್ರಾಣಿ ಹಾಕಿ, ಒಳಗಿನ ಬಾಗಿಲು ಮುಚ್ಚಿ ಬಂದ. ಸತ್ತವರು ಉಣ್ಣುವ ಹೊತ್ತಿನಲ್ಲಿ ಜೋರಾಗಿ ಮಾತಾಡಬಾರದು. ಎಲ್ಲರೂ ಮರದ ಕೆಳಗೆ ಸುಮ್ಮನೆ ನಿಂತರು. ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು.

ಚಿಕ್ಕತಾಯಮ್ಮನಿಗೆ ಆ ಬಾಗಿಲ ಮೇಲೇ ಕಣ್ಣು. ಯಜಮಾನರು ಒಳಗೆ ಇದ್ದಾರಾ? ಇದ್ದರೆ ಅವರಿಗೆ ಅಂತ ಒಂದು ತಟ್ಟೆಯೂ ಇಲ್ಲವಲ್ಲ! ಆಮೇಲೆ ಹೊಳೆಯ ಕಡೆ ತಿರುಗಿದಳು. ಆ ದಡದಿಂದ ಯಾರಾದರೂ ಕೂಗಿದರೆ ಇಲ್ಲಿಗೆ ಕೇಳಿಸುತ್ತದೆ. ಯಾರೂ ಕೂಗಲಿಲ್ಲ. ಒಂದು ಸಲ, ಒಂದೇ ಒಂದು ಸಲ ಅವರು ಆ ಬಸ್ಸಾರನ್ನು ಸೊರ್‍ ಅಂತ ಸದ್ದು ಮಾಡಿ ಕುಡಿಯುವುದನ್ನು ಕೇಳಬೇಕು ಅಂತ ಅವಳಿಗೆ ಅನ್ನಿಸಿತು.

ದನಿ ತಗ್ಗಿಸಿ ಕೇಳಿದಳು. "ಬುದ್ಧಿ, ಒಂದೇ ಒಂದು ಮಾತು ಹೇಳಿಬಿಡಿ. ಇದ್ದಾರೋ, ಇಲ್ವೋ? ನೀವು ಹೇಳಿದ ಕಡೆ ಇಡ್ತೀನಿ. ಎದುರು ಮಾತಾಡಲ್ಲ."

"ನನಗೆ ಗೊತ್ತಿಲ್ಲ ತಾಯಿ."

"ನೀವೇ ಹೀಗಂದ್ರೆ ಹೆಂಗೆ? ನೀವು ಗುರುಗಳು!"

"ಗುರು ಆದ್ರೆ, ಹೊಳೆ ನನ್ನ ಕೇಳಿಕೊಂಡು ಹರಿಯುತ್ತಾ?"

ಅವಳಿಗೆ ಸಿಟ್ಟೂ ಬಂತು, ಯಾಕೋ ಸ್ವಲ್ಪ ಹಗುರವೂ ಆಯಿತು. ಇಷ್ಟು ವರ್ಷದಲ್ಲಿ ಗೊತ್ತಿಲ್ಲ ಅಂತ ನೇರವಾಗಿ ಹೇಳಿದವರು ಇವರೊಬ್ಬರೇ. ಮಿಕ್ಕವರೆಲ್ಲ ಗೊತ್ತಿರುವವರೇ.

ಕಾಳಣ್ಣ ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆದ. ಎಲ್ಲರೂ ಪಂಕ್ತಿಗೆ ಕೂತರು. ಚಿಕ್ಕತಾಯಮ್ಮ ಕಣ್ಣೊರೆಸಿಕೊಂಡು, ಸೆರಗು ಸಿಕ್ಕಿಸಿಕೊಂಡು ಬಡಿಸಿದಳು. ಮುದ್ದೆ, ಬಸ್ಸಾರು, ಹುಳಿ, ಕೊನೆಗೆ ಪಾಯಸ. ಅವಳ ಕೈಯಿಂದ ಒಂದು ಹನಿಯೂ ಚೆಲ್ಲಲಿಲ್ಲ.

ಗುರುಗಳು ತುತ್ತು ಎತ್ತಲಿಲ್ಲ. ಅವರು ಎತ್ತದೆ ಬೇರೆ ಯಾರೂ ಎತ್ತುವಂತಿಲ್ಲ. ಕಾಳಣ್ಣ ಮುದ್ದೆಯನ್ನೇ ನೋಡುತ್ತಾ ಕೂತ.

"ಎಲ್ಲರಿಗೂ ಆಯ್ತಾ ತಾಯಿ?"

"ಆಯ್ತು ಬುದ್ಧಿ. ಒಳಗಿನವರಿಗೂ ಆಯ್ತು, ಹೊರಗಿನವರಿಗೂ ಆಯ್ತು."

"ನಿನ್ನ ತಟ್ಟೆ ಎಲ್ಲಿ?"

ಅವಳು ಸಾಲಿನ ಉದ್ದಕ್ಕೂ ನೋಡಿದಳು. ಮಳೆಗಾಲ ಪೂರ್ತಿ ಮಣ್ಣು ನಾದಿದ್ದಳು. ಕಾಳಣ್ಣನ ತಟ್ಟೆ ಬಿರುಕು ಬಿಟ್ಟಾಗ ಬೇರೆ ಮಾಡಿಕೊಟ್ಟವಳೂ ಅವಳೇ. ತನಗೆ ಅಂತ ಒಂದು ಮಾಡಿಕೊಳ್ಳಬೇಕು ಅನ್ನುವುದು ಅವಳಿಗೆ ಹೊಳೆದೇ ಇರಲಿಲ್ಲ. ಈ ವರ್ಷವೂ ಇಲ್ಲ, ಯಾವ ವರ್ಷವೂ ಇಲ್ಲ.

"ನಾನು ಮಾಡಿಕೊಂಡಿಲ್ಲ ಬುದ್ಧಿ. ಆಮೇಲೆ ಒಲೆ ಹತ್ತಿರ ನಿಂತುಕೊಂಡು, ಮಡಕೆ ತಳದಲ್ಲಿ ಉಳಿದಿದ್ದು ತಿಂತೀನಿ. ನನ್ನದೇನು ಬಿಡಿ. ಅವರ ಜಾಗ ಯಾವುದು, ಅದನ್ನ ಹೇಳಿ."

ಗುರುಗಳು ತಮ್ಮ ತಟ್ಟೆಯನ್ನು ಎತ್ತಿ ಅವಳ ಕೈಗೆ ಕೊಟ್ಟರು.

"ಸಿದ್ದಶೆಟ್ಟಿ ಯಾವ ಸಾಲಿನವನೋ ಆ ಶಿವನಿಗೇ ಗೊತ್ತು. ನೀನು ಯಾವ ಸಾಲಿನವಳು, ಅದನ್ನ ಹೇಳು ತಾಯಿ."