ಬಾಗಿಲ ಬದಿಯ ಜಾಗ

ನೇಕಾರರ ಓಣಿಯ ಕೊನೆಯಲ್ಲಿ, ಸಗಣಿ ಸಾರಿಸಿದ ಒಂದೇ ಅಂಕಣದ ಮಣ್ಣಿನ ಮಠ. ಪರಮಪೂಜ್ಯ ನಿಜಲಿಂಗಾರ್ಯರು ಅಲ್ಲಿ ವಾಸವಾಗಿದ್ದರು. ಶ್ರಾವಣ ಬಂತೆಂದರೆ ಸಂಜೆ ಸಂಜೆಗೆ ಪುರಾಣ, ಓದುವವರು ಮಹಾಂತಯ್ಯನವರು. ಗುರುಗಳು ಒಮ್ಮೆ ಪದ್ಮಾಸನ ಹಾಕಿದರೆ ಮಂಗಳಾರತಿಯವರೆಗೆ ಅಲುಗಾಡುತ್ತಿರಲಿಲ್ಲ. ಗುರುಗಳು ಕುಳಿತಿರುವಾಗ ಏಳುವುದು ಅಪಚಾರವೆಂದು ಸಭೆಯೂ ಮಿಸುಕುತ್ತಿರಲಿಲ್ಲ. ಹಾಗೆಂದು ಅವರು ಯಾರಿಗೂ ಹೇಳಿರಲಿಲ್ಲ. ಭಕ್ತಿಗೆ ಹೇಳಿಕೊಡುವವರು ಬೇಕೆ! ಹಗಲೆಲ್ಲ ಮಗ್ಗದ ಕುಣಿಯಲ್ಲಿ ಕುಳಿತ ಜನವೇ ಸಂಜೆ ಮತ್ತೆ ಇಲ್ಲಿ ಕುಳಿತು ಪುಣ್ಯ ಕಟ್ಟಿಕೊಳ್ಳುತ್ತಿತ್ತು.

ಒಂದು ಸಂಜೆ ಮಂಗಳಾರತಿ ಮುಗಿದರೂ ಮಹಾಂತಯ್ಯನವರಿಗೆ ಏಳಲಾಗಲಿಲ್ಲ. ಕೈಯೂರಿ ತೆವಳುತ್ತ ಬಂದು ಹೊತ್ತಿಗೆಯನ್ನು ಗುರುಗಳ ಪಾದದ ಬಳಿ ಇಟ್ಟರು. ಆ ಓದೊಂದೇ ಅವರ ಬಾಳಿನ ಸಂತೋಷವಾಗಿತ್ತು.

"ಇನ್ನ ನನ್ನ ಕೈಲೆ ಆಗೂದಿಲ್ರಿ ಅಪ್ಪಾರ. ವರ್ಷಗಟ್ಟಲೆ ಆತು, ನಡಾ ನೋಯಾಕತ್ತೈತಿ. ಒಂದ ಸವನ ಕುಂದರಬ್ಯಾಡ, ನಡನಡುವ ಎದ್ದು ಅಡ್ಡಾಡು ಅಂತಾರ ವೈದ್ಯರು. ತಾವು ಕುಂತಿರತೀರಿ, ನಾ ಹ್ಯಾಂಗ ಏಳಲ್ರಿ? ಸಿದ್ದವ್ವನೂ ಇದಕ್ಕ ಬರೂದು ಬಿಟ್ಟಿದ್ಳರಿ."

ಗುರುಗಳ ಮುಖ ಬಾಡಿತು. ಸಿದ್ದವ್ವ ಬಾಗಿಲ ಬದಿಯಲ್ಲಿ ಕೂರುತ್ತಿದ್ದ ಮುದುಕಿ, ನೇಯ್ಗೆಯವಳು. ಹಿಂದಿನ ಶ್ರಾವಣದಲ್ಲಿ ಅವಳು ಬರುವುದು ನಿಂತಾಗ, "ಸಿದ್ದವ್ವಗ ಪುರಾಣ ಬ್ಯಾಸರಾತೇನು?" ಎಂದು ಗುರುಗಳು ಸಭೆಯಲ್ಲೇ ನಕ್ಕಿದ್ದರು. ಆ ಮಾತು ಅವಳ ಕಿವಿಗೂ ಬಿದ್ದಿತ್ತು. ಬೇಸಿಗೆಯಲ್ಲಿ ತೀರಿಹೋದಳು.

"ಕುಂತವರು ನಾವು, ನೋವು ತಿಂದವರು ನೀವು," ಎಂದರು ಗುರುಗಳು. ಅವರ ಕಣ್ಣು ತುಂಬಿ ಬಂತು. ಹೊತ್ತಿಗೆಯನ್ನು ಕಣ್ಣಿಗೊತ್ತಿಕೊಂಡು ಮಹಾಂತಯ್ಯನವರ ಕೈಗೇ ಮರಳಿಸಿದರು.

ಮರುದಿನ ಮೊದಲ ಸಂಧಿ ಮುಗಿದೊಡನೆ ಗುರುಗಳು ಎದ್ದು ನಿಂತರು. ಗುರುಗಳು ನಿಂತ ಮೇಲೆ ಕೂರುವವರು ಯಾರು? ಸಭೆಗೆ ಸಭೆಯೇ ಎದ್ದಿತು. ಮಹಾಂತಯ್ಯನವರೂ ಗೋಡೆ ಹಿಡಿದು ಎದ್ದರು. ಗುರುಗಳು ನಿಧಾನವಾಗಿ ಬಾಗಿಲವರೆಗೆ ನಡೆದು, ಸಿದ್ದವ್ವ ಕೂರುತ್ತಿದ್ದ ಜಾಗಕ್ಕೆ ಕೈಮುಗಿದು ಮರಳಿದರು. ಅಂದಿನಿಂದ ಸಂಧಿ ಸಂಧಿಗೂ ಹಾಗೆಯೇ ನಡೆಯಿತು. ನೋವು ಪೂರ್ತಿ ಹೋಯಿತೆಂದರೆ ಸುಳ್ಳಾದೀತು. ತಾಳಿಕೊಳ್ಳುವಷ್ಟು ಇಳಿಯಿತು, ಓದು ನಿಲ್ಲಲಿಲ್ಲ.

ನೋವನ್ನು ಬಚ್ಚಿಡುವುದೇ ಭಕ್ತಿಯೆಂದು ನಂಬಿದ್ದ ಮಹಾಂತಯ್ಯನವರು ಆಮೇಲೆ ಬೇರೆಯೇ ಮನುಷ್ಯರಾದರು. ಹೊತ್ತಿಗೆ ಬಿಚ್ಚುವ ಮೊದಲೇ, "ನಡಾ ನೋಯಾಕತ್ತಿದ್ರ ಏಳ್ರಿ, ಅಡ್ಡಾಡ್ರಿ. ಎದ್ದು ನಿಂತು ಕೇಳಿದ್ರೂ ಪುಣ್ಯ ಕಡಿಮಿ ಆಗೂದಿಲ್ಲ," ಎನ್ನುತ್ತಿದ್ದರು.

ಅದನ್ನು ಮೊದಲ ಸಲ ಕೇಳಿದ ದಿನ ಗುರುಗಳು ಬಾಗಿಲ ಕಡೆ ನೋಡಿದರು. "ಇಷ್ಟು ಮಾತು ಆಕಿಗೆ ಹೇಳಲಿಲ್ಲ ನಾವು," ಎಂದರು. ಮಹಾಂತಯ್ಯನವರ ಕಣ್ಣು ಮಂಜಾಯಿತು. ಅಂದು ಮೊದಲ ಸಾಲು ಓದಲು ಅವರಿಗೆ ಬಹಳ ಹೊತ್ತು ಹಿಡಿಯಿತು.